ಸೋದರತ್ತೆಯ ಎದುರು ರಾಕ್ ಗಾಯಕ

ಜಗತ್ತಿನಲ್ಲಿ ಯಾರೇ ಹಾಡಲಿ, ಅದಕ್ಕೆ ಉತ್ತರ ಕೊಡುವ ಹೊಣೆಯನ್ನು ಭಗವಂತ ನಮ್ಮ ಸೋದರತ್ತೆಯ ಹೆಗಲಿಗೆ ಹೊರಿಸಿದ್ದಾನೆ. ಇದು ನನ್ನ ಅಭಿಪ್ರಾಯವಲ್ಲ, ಅತ್ತೆಯದೇ ತೀರ್ಮಾನ!

ಗಾವಡಗೆರೆ ಸುತ್ತಿನ ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದವಳು ಅತ್ತೆ. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ‘ಸೋ’ ಎಂದು ಎತ್ತಿಕೊಳ್ಳಬೇಕು. ಸುಮ್ಮನಿರುವುದು, ಅವಳ ಪ್ರಕಾರ, ಎಲೆ ಮುಂದೆ ಕೂತವರಿಗೆ ಅನ್ನ ಬಡಿಸದೆ ಹೋದಷ್ಟೇ ಪಾಪ. ಈ ಧರ್ಮಶಾಸ್ತ್ರದಿಂದ ಯಾರಿಗೂ ವಿನಾಯಿತಿ ಇರಲಿಲ್ಲ. ಹುಣಸೂರಿನ ನಮ್ಮ ಮನೆಗೆ ಬಂದಾಗ, ಕಸದ ಆಟೋ ಹಾಡುತ್ತಾ ಬಂದರೆ ಗೇಟಿನಲ್ಲಿ ನಿಂತು ಅದಕ್ಕೂ ‘ಸೋ’!

"ಮುಗೀತಾ ಅಜ್ಜೀ? ಮುಂದಿನ್ ಬೀದಿಯೋರು ಬಯ್ತಾವ್ರೆ ಕಣಜ್ಜಿ" ಎನ್ನುತ್ತಿದ್ದ ಆಟೋದವನು.

"ನಿನ್ ಆಟೋನೇ ಮುಗಿಸ್ಲಿಲ್ವಲ್ಲಾ, ನಾನೆಂಗ್ಲಾ ಮುಗಿಸ್ಲಿ?"

ಒಮ್ಮೆ ಪಿರಿಯಾಪಟ್ಟಣದ ಛತ್ರವೊಂದರಲ್ಲಿ ಆರ್ಕೆಸ್ಟ್ರಾದವನು ಪ್ರೇಮಗೀತೆ ಹಾಡಿದ. ಅತ್ತೆ ಮುಂದಿನ ಕುರ್ಚಿಯಿಂದಲೇ ಎತ್ತಿಕೊಂಡಳು. ಕೊನೆಯ ಚರಣದ ಹೊತ್ತಿಗೆ ಆ ಪ್ರೇಮಿಯೇ ಸೋಬಾನೆ ಧಾಟಿಗೆ ಜಾರಿದ್ದ. ಮದುವೆಗೆ ಅದೇ ಒಪ್ಪಿತೆಂದು ಹಿರಿಯರು ತೀರ್ಪಿತ್ತರು.

ಹೋದ ವರ್ಷ ಅತ್ತೆಯ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಹೋಗುವಾಗ ಕಂಠವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಳಿದದ್ದು ಒಣ ಹೊಗೆಸೊಪ್ಪು ಮುರಿದಂಥ ಸದ್ದು. "ಹಾಡಿದಷ್ಟೂ ಒಳ್ಳೆಯದು. ಸುಮ್ಮನಿದ್ದುಬಿಟ್ಟರೆ ಇದೇ ದನಿ ಖಾಯಂ ಆಗಿಬಿಡುತ್ತೆ" ಎಂದು ಡಾಕ್ಟರು ಎಚ್ಚರಿಸಿದರು. ಅತ್ತೆ ಕೇಳಬೇಕಲ್ಲ!

"ಮಾತ್ಗೆ ಸಾಕು ಬುಡು. ಈ ದನೀಲಿ ಪದ ಯೋಳುದ್ರೆ ಗಂಡು ಎಣ್ಣು ಅಸೆಮಣೆ ಬುಟ್ಟು ಓಡೋಗ್ತಾರೆ."

ಆಪರೇಷನ್ ಆದಮೇಲೆ ನಮ್ಮ ಮನೆಯಲ್ಲೇ ಉಳಿದವಳು ಮದುವೆಗಳಿಗೆ ಹೋಗುವುದನ್ನೇ ನಿಲ್ಲಿಸಿದಳು. ಆಟೋ ಬಂದರೆ ಒಳಕೋಣೆ ಸೇರುತ್ತಿದ್ದಳು. ನಮಗೆಲ್ಲ ಮನೆ ಇದ್ದಕ್ಕಿದ್ದಂತೆ ಅಳತೆಗಿಂತ ದೊಡ್ಡದೆನಿಸತೊಡಗಿತು.

ಹೀಗಿರಲು ಒಂದು ಭಾನುವಾರ ಮಧ್ಯಾಹ್ನ ನನ್ನ ಮಗಳು ಟಿವಿಯಲ್ಲಿ ಯಾವನೋ ವಿಲಾಯಿತಿ ರಾಕ್ ಗಾಯಕನ ಕಛೇರಿಯ ಚಿತ್ರ ಹಾಕಿದಳು. ಕಛೇರಿಯೆಂದರೆ ನಾನು ಬಲ್ಲ ಕಛೇರಿಯಲ್ಲ. ವಿದ್ವಾಂಸರು ಅಂಗಿಯನ್ನು ಅರ್ಧ ಬಿಚ್ಚಿ, ಗಿಟಾರನ್ನು ಗುದ್ದಲಿಯಂತೆ ಹಿಡಿದು, ವೇದಿಕೆಯ ಮೇಲೆ ಹೊರಳಾಡುತ್ತಿದ್ದರು!

"ಇವ್ನ್ ಮೈಮ್ಯಾಲೆ ಯಾವ್ ದ್ಯಾವ್ರವ್ವಾ ಬಂದಿರೋದು?" ಅತ್ತೆ ಕೇಳಿದಳು.

"ದೇವರಲ್ಲ ಅಜ್ಜಿ, ಸ್ಟಾರು!"

"ಯಾವ್ದಾರ ಆಗ್ಲಿ, ಒಂದ್ ಲೋಟ ನೀರ್ ಕೊಡ್ಬಾರ್ದಾ? ಅಷ್ಟ್ ಜನ ಸುಮ್ಕೆ ಕುಣೀತಾ ನಿಂತವ್ರಲ್ಲ!"

ಕೊನೆಯ ಹಾಡಿಗೆ ಆತನ ಗಂಟಲು ಕೈಕೊಟ್ಟಿತು. ದನಿ ಸೀಳಿತು. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಆ ಮನುಷ್ಯ ನಾಚಲೇ ಇಲ್ಲ. ನಕ್ಕು, ಮೈಕನ್ನು ಜನರ ಕಡೆಗೆ ಚಾಚಿದ. ಕ್ಯಾಮೆರಾ ಅಲ್ಲೇ ಇದ್ದದ್ದರಿಂದ ಮೈಕು ನೇರ ನಮ್ಮ ನಡುಮನೆಗೇ ಬಂತು.

"ಎತ್ಕೊಡ್ತಾವ್ನೆ ಕಣ್ರೋ!" ಅತ್ತೆ ಗಾಬರಿಯಾದಳು. "ಮಗೀಗೆ ಗಂಟ್ಲು ಕಟ್ಕೊಂಡದೆ. ಎತ್ಕೊಳ್ರೋ ಯಾರಾರ!"

ನಾನು ಮಗಳ ಮುಖ ನೋಡಿದೆ, ಮಗಳು ನನ್ನ ಮುಖ ನೋಡಿದಳು. ನಮ್ಮ ವಂಶದಲ್ಲಿ ಓದಿದವರು ಹಾಡುವುದಿಲ್ಲ.

"ಸೋ..."

ಅತ್ತೆಯೇ. ದನಿ ನಡುವೆಯೇ ಮುರಿಯಿತು. ಉಗುಳು ನುಂಗಿ ಮತ್ತೆ ಎತ್ತಿದಳು. ಈ ಸಲ ಅದು ಒಂದಿಷ್ಟು ದೂರ ಹೋಯಿತು. ಮಗಳು ಸದ್ದಿಲ್ಲದೆ ರಿಮೋಟ್ ಒತ್ತಿದಳು. ಪರದೆಯ ಮೇಲೆ ಆ ಮಹಾನುಭಾವ, ಮೈಕು ಚಾಚಿದವನು ಚಾಚಿದಂತೆಯೇ ನಿಂತ. ಅತ್ತೆ ಕಣ್ಣು ಮುಚ್ಚಿ ಎರಡನೆಯ ಸಾಲು ಹಿಡಿದಳು.

ಅವನು ಕಾಯುತ್ತಿದ್ದ.