ದೇವರ ಜಗಲಿ ಏರಿದ ರೇಸ್ ಎಂಜಿನ್

ಎಂಜಿನ್ ಕಟ್ಟುವುದೂ ಒಂದು ವಿದ್ಯೆಯೇ? ಯಲಬುರ್ಗಾದ ನಮ್ಮ ಕಚೇರಿಯಲ್ಲಿ ಎಲ್ಲರ ಎದುರು ಹೀಗೆ ಗುಡುಗಿದವನು ಸಾಕ್ಷಾತ್ ನಾನೇ!

ವಿಜಯದಶಮಿಗೆ ಬೇವೂರಿನ ಹೊರಗೆ ಬೈಕ್ ರೇಸು. ನನ್ನ ಹಳೆಯ ಗಾಡಿಯೋ ಅಭ್ಯಾಸದಲ್ಲೇ ಎಂಜಿನ್ ಕಾದು ಕಚ್ಚಿಕೊಂಡು ಸೀಜ್ ಆಗಿ, ಪಿಸ್ಟನ್ನಿನ ಮೈಯೆಲ್ಲ ಗೀರು. ಗಂಗಾವತಿಯ ಮಿಸ್ತ್ರಿಗೆ ಕೊಡು ಎಂದ ಪಕ್ಕದ ಟೇಬಲಿನ ಗಾಳೇಶ. ನಾನು ಮೀಸೆ ತಿರುವಿದೆ. ಮನೆಯಲ್ಲೇ ಕಟ್ಟುತ್ತೇನೆ, ಸೋತರೆ ಹೆಂಡತಿಯ ಸ್ಕೂಟಿಯ ಹಿಂದೆ ಕೂತು ಕಚೇರಿಗೆ ಬರುತ್ತೇನೆ ಎಂದು ಆಣೆ ಇಟ್ಟೆ.

ಪಡಸಾಲೆ ಕಾರ್ಖಾನೆಯಾಯಿತು. ಸಿಲಿಂಡರಿಗೆ ಲೇತಿನವನಿಂದ ಬೋರ್ ಹೊಡೆಸಿದ್ದು ಬಿಟ್ಟರೆ ಉಳಿದದ್ದೆಲ್ಲ ನನ್ನದೇ ಕೈಚಳಕ. ಸಿಲಿಂಡರಿನ ಮೈಮೇಲಿನ ಮುರಿದ ರೆಕ್ಕೆಗಳನ್ನು ಅರದಿಂದ ತಿದ್ದಿದೆ, ಬಾಗಿದ ಗೇರ್ ಪೆಡಲನ್ನು ಒಳಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದೆ. ಎಂಜಿನ್ ಕೇಸನ್ನು ರೊಟ್ಟಿ ಹಂಚಿನ ಮೇಲೆ ಕಾಯಿಸಿ ಬೇರಿಂಗ್ ಕೂಡಿಸಿದೆ. ಅದು ಬೆಣ್ಣೆಯಲ್ಲಿ ಬೆರಳು ಹೋದಂತೆ ಕೂತಿತು! ಅವತ್ತಿನ ರೊಟ್ಟಿ ಮಾತ್ರ ಪೆಟ್ರೋಲ್ ಬಂಕಿನ ವಾಸನೆ ಹೊಡೆಯಿತು.

"ನಾಳೆ ಪಲ್ಯಾನೂ ಅದ ಆಯಿಲ್‌ನ್ಯಾಗ ಮಾಡ್ಲೇನ್ರಿ?" ಎಂದಳು ಹೆಂಡತಿ ಲಲಿತಾ.

ಅಷ್ಟರಲ್ಲಿ ಹಬ್ಬಕ್ಕೆಂದು ಮಂಗಳೂರಿನಿಂದ ಅತ್ತೆ ಕಳಕಮ್ಮ ಬಂದರು. ದೂರದ ಮಂಗಳೂರಲ್ಲ, ನಮ್ಮ ಪಕ್ಕದ್ದೇ. ಆಯುಧ ಪೂಜೆಯ ದಿನ ನಾನು ಸ್ನಾನ ಮುಗಿಸಿ ಬರುವುದರೊಳಗೆ ಬಿಚ್ಚಿಟ್ಟ ಸಾಮಾನೆಲ್ಲ ದೇವರ ಜಗಲಿ ಏರಿತ್ತು! ಪಿಸ್ಟನ್ನಿಗೆ ಮೂರು ಗೆರೆ ವಿಭೂತಿ, ಗೇರುಗಳಿಗೆ ಕುಂಕುಮ, ಕ್ಲಚ್ಚಿಗೆ ಚೆಂಡುಹೂವಿನ ಮಾಲೆ. ನಾನು ಕೈ ಚಾಚಿದೆ.

"ಪೂಜಿಗೆ ಕುಂತಾವ್ರಿ ಅಳಿಯಂದ್ರ. ನಾಳೆತನಕ ಮುಟ್ಟಬಾರದು," ಎಂದರು ಅತ್ತೆ.

ಅತ್ತೆಯ ಮಾತು ಮೀರುವ ಅಳಿಯ ಇನ್ನೂ ಹುಟ್ಟಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಎಲ್ಲವನ್ನೂ ತೊಳೆದು, ಒರೆಸಿ, ಅವಸರದಲ್ಲಿ ಜೋಡಿಸಿದೆ. ಒಂದೇ ಕಿಕ್ಕಿಗೆ ಎಂಜಿನ್ ಗರ್ಜಿಸಿತು! ಅಂಗಳದ ಕೋಳಿಗಳು ಮಾಳಿಗೆ ಏರಿದವು, ನನ್ನ ಎದೆ ಉಬ್ಬಿತು. ಕ್ಲಚ್ಚಿನ ಹಿಡಿ ಯಾಕೋ ಸಡಿಲ ಎನಿಸಿತು. ಹೊಸ ಕೆಲಸ, ಓಡಿದರೆ ಸರಿಹೋಗುತ್ತದೆ ಎಂದುಕೊಂಡೆ.

ಟೆಂಪೋದಲ್ಲಿ ಹೇರಿಕೊಂಡು ಬೇವೂರಿಗೆ ಒಯ್ದು, ಸುಣ್ಣದ ಗೆರೆಯ ಮೇಲೆ ಗಾಡಿ ನಿಲ್ಲಿಸಿ, ಕ್ಲಚ್ ಹಿಡಿದು ಗೇರ್ ಹಾಕಿದೆ. ಎಂಜಿನ್ನಿಗೆ ಕ್ಲಚ್ ಹಿಡಿದದ್ದೇ ಗೊತ್ತಾಗಲಿಲ್ಲ! ನಿಶಾನೆ ಬೀಳುವ ಮೊದಲೇ ಗಾಡಿ ಹೋರಿಯಂತೆ ಚಂಗನೆ ಹಾರಿ, ಒಂದು ಮಾರು ಮುಂದೆ ಹೋಗಿ ಸತ್ತಿತು. ಆ ಒಂದು ಮಾರಿನ ಮಟ್ಟಿಗೆ ನಾನೇ ಮೊದಲಿಗ, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮತ್ತೆ ಕಿಕ್ ಹೊಡೆದೆ, ಮತ್ತೆ ಅದೇ ಹಾರಾಟ. ಉಳಿದವರು ಎಬ್ಬಿಸಿದ ಧೂಳು ನನ್ನ ಪಾಲಿಗೆ ಬಂತು.

ಸಂಜೆ ಅತ್ತೆ ಬನ್ನಿ ಕೊಟ್ಟರು. ಅಂಗೈಯಲ್ಲಿ ಎಲೆಯ ಜೊತೆ ಕಡಲೆಕಾಳಿನಷ್ಟು ಉಕ್ಕಿನ ಗುಂಡೊಂದು ಇತ್ತು.

"ಬನ್ನಿ ತಗೊಂಡು ಬಂಗಾರದಂಗ ಇರ್ರಿ. ಇದು ನಿಮ್ಮದ ಏನು ನೋಡ್ರಿ. ದುಂಡಗ ಹೊಳೀತಿತ್ತು, ದೇವರ ಮಗ್ಗಲಕ ಇಟ್ಟಿದ್ದೆ."

ಕ್ಲಚ್ ರಾಡಿನ ತುದಿಗೆ ಕೂಡುವ ಗುಂಡು! ಅದಿಲ್ಲದಿದ್ದರೆ ಹಿಡಿ ಎಷ್ಟು ಒತ್ತಿದರೂ ಕ್ಲಚ್ ಎಂಜಿನ್ನನ್ನು ಚಕ್ರದಿಂದ ಬಿಡಿಸುವುದಿಲ್ಲ. ನನಗೆ ಸಿಟ್ಟಿಗಿಂತ ಹೆಮ್ಮೆಯೇ ಬಂತು. ನನ್ನ ಕೆಲಸದಲ್ಲಿ ಒಂದು ಕೂದಲಿನಷ್ಟೂ ಐಬಿಲ್ಲ, ಒಂದು ಸಾಮಾನು ದೇವರೇ ಇಟ್ಟುಕೊಂಡಿದ್ದ ಎಂದು ಲಲಿತಾಗೆ ರಾತ್ರಿಯೆಲ್ಲ ವಿವರಿಸಿದೆ.

ಆದರೂ ಆಣೆ ಆಣೆಯೇ. ರಜೆ ಮುಗಿದ ದಿನ ಸ್ಕೂಟಿಯ ಹಿಂದೆ ಕೂತೆ. ಕಚೇರಿಯ ಗೇಟಿನಲ್ಲಿ ಗಾಳೇಶ ತನ್ನ ದಂಡಿನೊಂದಿಗೆ ಕಾಯುತ್ತಿರುವುದು ದೂರದಿಂದಲೇ ಕಂಡಿತು. ಮಾನ ಉಳಿಸಿಕೊಳ್ಳಲು ಮುಂದೆ ಬಾಗಿ, ತಜ್ಞನ ಗಾಂಭೀರ್ಯದಿಂದ ಲಲಿತಾಗೆ, ನಿನ್ನ ಸ್ಕೂಟಿಯ ಎಂಜಿನ್ ಸಪ್ಪಳ ಸರಿ ಇಲ್ಲ, ಭಾನುವಾರ ಬಿಚ್ಚಿ ನೋಡುತ್ತೇನೆ ಎಂದೆ.

ಲಲಿತಾ ನಡು ಬಜಾರಿನಲ್ಲೇ ಗಕ್ಕನೆ ಬ್ರೇಕ್ ಹಾಕಿದಳು.

"ಇಳೀರಿ," ಎಂದಳು. "ನಡಕೋಂತ ಹೋಗ್ರಿ."