ಜಪಾನಿ ಪಾಠದಲ್ಲಿ ನಾನು ನಿರುದ್ಯೋಗಿ

ನಡೆದದ್ದು ಇಷ್ಟೇ. ನನ್ನ ಮೊಮ್ಮಗಳು ಜಪಾನಿ ಭಾಷೆಯಲ್ಲಿ ನನ್ನನ್ನು ಕೆಲಸವಿಲ್ಲದವಳು ಅಂದಳು, ನಾನು ಸುಮ್ಮನಿರಲಿಲ್ಲ. ಇದನ್ನೇ ನನ್ನ ಮಗ ‘ಅವ್ವ ಹುಡುಗಿಯ ಪರೀಕ್ಷೆ ಕೆಡಿಸಿದಳು’ ಅಂತ ಚಳ್ಳಕೆರೆಯ ಅರ್ಧ ಪೇಟೆಗೆ ಹೇಳಿಕೊಂಡು ಬಂದಿದ್ದಾನೆ. ಹೇಳಲಿ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯುವುದು ನಿಧಾನ. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯುವುದಕ್ಕೆ ಮೂರನೇ ಕ್ಲಾಸು ಧಾರಾಳವಾಗಿ ಸಾಕು.

ಮೊಮ್ಮಗಳು ಪವಿತ್ರ ಯೂನಿವರ್ಸಿಟಿಯಲ್ಲಿ ವಿಜ್ಞಾನ ಓದುತ್ತಾಳೆ. ಅದರ ಜೊತೆಗೆ ಜಪಾನಿಯ ಮೊದಲ ಪಾಠಗಳಿಗೂ ಸೇರಿಕೊಂಡಿದ್ದಳು. “ಆ ದೇಶಕ್ಕೆ ಹೋಗ್ತೀಯಾ?” ಅಂತ ಕೇಳಿದೆ. “ಇಲ್ಲ ಅಜ್ಜಿ, ಸುಮ್ನೆ ಇಷ್ಟ” ಅಂದಳು. ನಮ್ಮ ವಂಶದಲ್ಲಿ ಬರೀ ಇಷ್ಟಕ್ಕೆ ಯಾರೂ ಏನನ್ನೂ ಕಲಿತಿದ್ದಿಲ್ಲ, ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಅವಳು ಕಲಿಯುವ ರೀತಿ ನೋಡಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ರಜೆಗೆ ಬಂದವಳು ದಿನವಿಡೀ ಒಂದೇ ಅಕ್ಷರವನ್ನು ನೂರು ಸಲ ತೀಡುತ್ತಾಳೆ. ಅಕ್ಷರಗಳೋ, ಬೆಕ್ಕು ಆಡಿಬಿಟ್ಟ ನೂಲಿನ ಉಂಡೆಯ ಹಾಗೆ. ಬಾಯಿ ಮಾತ್ರ ಬಿಡುವುದಿಲ್ಲ. ನಾನು ಹುಟ್ಟಿದ್ದು, ಮದುವೆಯಾಗಿದ್ದು ಎರಡೂ ಮೊಳಕಾಲ್ಮೂರಿನಲ್ಲಿ. ತೆಲುಗು ಕಲಿತದ್ದು ರೇಷ್ಮೆ ನೂಲಿನ ಅಂಗಡಿಯವನ ಹತ್ತಿರ ಜಗಳ ಮಾಡಿ. ಮೊಣಕಾಲು ಕೈಕೊಟ್ಟು ಚಳ್ಳಕೆರೆಯ ಮಗನ ಮನೆಗೆ ಬಂದ ಮೇಲೆ ಉರ್ದು ಕಲಿತದ್ದು, ಪಕ್ಕದ ಮನೆಯ ಮೆಕ್ಯಾನಿಕ್ಕನ ಹೆಂಡತಿ ಫಾತಿಮಾಳ ಹತ್ತಿರ ನಲ್ಲಿ ನೀರಿಗಾಗಿ ಜಗಳ ಮಾಡಿ. ಯಾವ ದಿನ ಜಗಳದಲ್ಲಿ ಗೆಲ್ಲುತ್ತೀಯೋ ಆ ದಿನ ಭಾಷೆ ಬಂತು ಅಂತ ಅರ್ಥ. ಪವಿತ್ರ ನಾಲ್ಕು ತಿಂಗಳಿಂದ ಜಪಾನಿಯಲ್ಲಿ ಬರೀ ಕ್ಷಮೆ ಕೇಳುತ್ತಿದ್ದಳು, ಫೋನಿಗೆ ಬಾಗಿ ನಮಸ್ಕಾರ ಬೇರೆ. ಒಂದು ವಿಷಯ ಮಾತ್ರ ನನಗೆ ಹಿಡಿಸಿತು. ಜಪಾನಿನವರೂ ನಮ್ಮ ಹಾಗೆ ಮನೆ ಬಿಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲವಂತೆ, ‘ಹೋಗಿ ಬರ್ತೀನಿ’ ಅಂತಲೇ ಹೇಳುವುದಂತೆ. ಪರವಾಗಿಲ್ಲ, ಮರ್ಯಾದಸ್ಥರು ಅಂದುಕೊಂಡೆ.

ಪರೀಕ್ಷೆ ಫೋನಿನ ವಿಡಿಯೋದಲ್ಲಿ. ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮನೆಮಂದಿಯನ್ನೆಲ್ಲ ಪಾಠ ಹೇಳುವ ಮೇಡಂಗೆ ಜಪಾನಿಯಲ್ಲಿ ಪರಿಚಯ ಮಾಡಿಸಬೇಕು. ಪಾಸಾದರೆ ಎರಡನೇ ಹಂತ, ಇಲ್ಲದಿದ್ದರೆ ಹೊಸಬರ ಜೊತೆ ಮತ್ತೆ ಮೊದಲಿಂದ. ಪಕ್ಕದಲ್ಲಿ ಕೂರಲು ನಾನೇ ಒಪ್ಪಿಕೊಂಡೆ. ಪೆಟ್ಟಿಗೆಯಿಂದ ನಾನೇ ನೇಯ್ದ ಸೀರೆ ತೆಗೆದು ಉಟ್ಟೆ. ಮೇಡಂ ಜಪಾನಿನವರೇ, ಮಲ್ಲಿಗೆ ಮೊಗ್ಗಿನಂಥ ಹೆಂಗಸು. ಪವಿತ್ರ ಒದರುತ್ತಾ ಹೋದಳು. ಅಪ್ಪನ ಹೆಸರು ಬಂತು, ಮೇಡಂ ತಲೆದೂಗಿದರು. ಅಮ್ಮನ ಹೆಸರು ಬಂತು, ಮತ್ತೆ ತಲೆದೂಗಿದರು. ನನ್ನ ಕಡೆ ಕೈ ತೋರಿಸಿ ಏನೋ ಅಂದಳು, ಮೇಡಂ ‘ಅಯ್ಯೋ ಪಾಪ’ ಅನ್ನುವ ಹಾಗೆ ಸಣ್ಣಗೆ ನಕ್ಕರು. ಆ ನಗು ನನಗೆ ಗೊತ್ತು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರು ನಗುವ ನಗು ಅದು.

“ಏನಂದೆ ನನ್ನ ಬಗ್ಗೆ?”

“ಆಮೇಲೆ ಹೇಳ್ತೀನಿ, ಸುಮ್ನಿರು ಅಜ್ಜಿ.”

“ಈಗ್ಲೇ ಹೇಳು.”

“ಅಜ್ಜಿ ಮನೇಲಿರ್ತಾಳೆ, ಕೆಲಸ ಇಲ್ಲ ಅಂದೆ.”

“ತಿದ್ದು.”

“ಪುಸ್ತಕದಾಗೆ ಟೀಚರು, ಡಾಕ್ಟರು, ಬ್ಯಾಂಕಿನೋರು, ಕಂಪನಿಯೋರು ಅಷ್ಟೇ ಐತೆ! ನಿನ್ ಕೆಲ್ಸ ಇಲ್ಲ!”

“ಪುಸ್ತಕದಾಗೆ ಇಲ್ದಿದ್ರೆ ನಾನು ಮಾಡ್ಲೇ ಇಲ್ವೇನೇ?”

ಎದ್ದೆ. ದೇವರ ಗೂಡಿನಿಂದ ವಿಭೂತಿ ತಟ್ಟೆ ತಂದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗ, ಅವ್ವ ಫೋನಿಗೆ ವಿಭೂತಿ ಹಚ್ಚಿ ಆಶೀರ್ವಾದ ಮಾಡುತ್ತಾಳೆ ಅಂತ ಕೈಮುಗಿದು ನಿಂತ. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ಇಷ್ಟೂ ತಿಳಿಯಲಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಅನ್ನುತ್ತೇವೆ. ಹಳೆಯ ಹಾಸು ಮುಗಿಯುತ್ತಾ ಬಂದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಗಂಟು ಹಾಕುವ ಹಾಗಿಲ್ಲ. ರೇಷ್ಮೆ ಜಾರದಿರಲಿ ಅಂತ ಬೆರಳಿಗೆ ಬೂದಿ. ಸಾವಿರಾರು ಎಳೆ. ನಲವತ್ತು ವರ್ಷ ಮಾಡಿದೆ. ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತೆ, ಬೆರಳನ್ನು ವಿಭೂತಿಯಲ್ಲಿ ಅದ್ದಿದೆ, ಫೋನಿನ ಮುಂದೆ ಹಿಡಿದು ಹೊಸೆದೆ.

ಬಿಚ್ಚಿಕೊಂಡಿತು. ಮತ್ತೆ ಹೊಸೆದೆ, ಮತ್ತೆ ಬಿಚ್ಚಿಕೊಂಡಿತು. ಕಣ್ಣಿಗೆ ಎಳೆಯೇ ಕಾಣದು. ಮೇಡಂ ಕಂಡದ್ದು, ಒಬ್ಬ ಮುದುಕಿ ಒಳ್ಳೆಯ ಸೀರೆಯನ್ನು ಕಿತ್ತು ಬೂದಿ ಬಳಿಯುವುದನ್ನು. ಮಗ “ಅವ್ವಾ, ಸಾಕು ಬಾರವ್ವ!” ಅಂತ ಕೂಗುತ್ತಿದ್ದ. ಪವಿತ್ರಳ ಮುಖ ಸುಣ್ಣ. ಮೇಡಂ ಮಾತ್ರ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನನ್ನ ಬೆರಳನ್ನೇ ನೋಡಿದರು. ಆಮೇಲೆ ನಿಧಾನವಾಗಿ ಏನೋ ಹೇಳಿದರು. ಪವಿತ್ರ ಎರಡು ಸಲ ಕೇಳಿಸಿಕೊಂಡು ನನಗೆ ತಿಳಿಸಿದಳು: ಅಜ್ಜಿಯ ಕೆಲಸ ಏನು ಅಂತ ಕಲಿತುಕೊಂಡು ನಾಳೆ ಹತ್ತು ಗಂಟೆಗೆ ಹೇಳಬೇಕು. ಅದರ ಮೇಲೆ ಪಾಸು, ಇಲ್ಲ ಫೇಲು.

ಸಂಜೆ ಅವಳು ಫೋನಿನಲ್ಲಿ ಹುಡುಕಿ ನೇಯುವವಳು ಅನ್ನುವುದಕ್ಕೆ ಜಪಾನಿ ಪದ ತೆಗೆದಳು. ಹತ್ತು ಸಲ ಗಟ್ಟಿಯಾಗಿ ಹೇಳಿಸಿದೆ. ಫಾತಿಮಾ ಗೋಡೆಯಾಚೆಯಿಂದ “ಯಾರಿಗ್ರೀ ಬೈತಿದ್ದೀರಾ?” ಅಂತ ಕೇಳಿದಳು. ಆಗ ನನಗೆ ಧೈರ್ಯ ಬಂತು, ಹುಡುಗಿ ಪಾಸಾಗುತ್ತಾಳೆ. ಅಷ್ಟರಲ್ಲಿ ಪವಿತ್ರ ತಲೆ ಕೆರೆದುಕೊಂಡು ಕೇಳಿದಳು: “ಅಲ್ಲಜ್ಜಿ, ನೀನು ಮಗ್ಗ ಬಿಟ್ಟು ಹದಿನಾಲ್ಕು ವರ್ಷ ಆಯ್ತು. ಮೇಡಂ, ಈಗ್ಲೂ ಮಾಡ್ತಾರಾ ಅಂತ ಕೇಳಿದ್ರೆ? ಸುಳ್ಳು ಹೇಳ್ಲಾ?”

ಜಗಳದಲ್ಲಿ ಸೋಲುವುದು ನನಗೆ ಅಭ್ಯಾಸವಿಲ್ಲ. ಉಂಡು ಬೇಗ ಮಲಗಿದೆ.

ಮಾರನೇ ದಿನ ಬೆಳಿಗ್ಗೆ ಮನೆಯವರು ಏಳುವ ಮೊದಲೇ ಬಸ್ ಸ್ಟ್ಯಾಂಡಿನಲ್ಲಿದ್ದೆ. ದಾರಿಯಲ್ಲಿ ತಳಕು ಊರಿನಲ್ಲಿ ಟೀ ಕುಡಿದು, ಮೊಳಕಾಲ್ಮೂರಿನಲ್ಲಿ ಇಳಿದು ನೇರ ನನ್ನ ತಮ್ಮನ ಮನೆಗೆ ನಡೆದೆ. ಅವನ ಸೊಸೆ ಲಕ್ಷ್ಮಿ ಹೊಸ ಹಾಸು ಸೇರಿಸುತ್ತಾ ಕೂತಿದ್ದಳು. “ಇದೇನತ್ತೆ, ಹೇಳ್ದೆ ಕೇಳ್ದೆ ಬಂದ್ರಿ?” ಅಂದಳು. “ಸರಿದು ಕೂರೇ” ಅಂದೆ. ಅವಳ ಕನ್ನಡಕ ಕಿತ್ತು ನನ್ನ ಮೂಗಿಗೆ ಏರಿಸಿದೆ, ಬೆರಳಿಗೆ ಬೂದಿ ಹಚ್ಚಿಕೊಂಡೆ. ಹನ್ನೆರಡು ಎಳೆ ಹೊಸೆದೆ. ಏಳು ನಿಂತವು. ಉಳಿದ ಐದನ್ನು ಲಕ್ಷ್ಮಿ ನಾನು ನೋಡದ ಹಾಗೆ ಸರಿಮಾಡಿದಳು, ನಾನೂ ನೋಡದ ಹಾಗೆಯೇ ಕೂತೆ. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಅವಳ ಫೋನಿನಿಂದ ಚಳ್ಳಕೆರೆಗೆ ಮಾತಾಡಿದೆ.

“ಪವಿತ್ರಾ, ಕೇಳಿದ್ರೆ ಹೇಳೇ, ಈಗ್ಲೂ ಮಾಡ್ತಾಳೆ ಅಂತ. ಎಷ್ಟು ಅಂತ ಮಾತ್ರ ಹೇಳಬ್ಯಾಡ.”