ಕೌದಿ ಹರಿದದ್ದು ಯಾರು?

ಬಣ್ಣ ಬಳಿದು ನಾಲ್ಕು ಗುಲಾಬಿ ಬರೆದುಕೊಂಡಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆ. ಬಣ್ಣದ ಜೊತೆ ಮಣ್ಣು, ಬಟ್ಟೆ, ಜೋಳದ ಒಣ ಎಲೆಯ ರವದಿ ಎಲ್ಲ ಅಂಟಿಸಿ ಮಿಶ್ರ ಮಾಧ್ಯಮದ ಚಿತ್ರ ಮಾಡುವ ಹುಚ್ಚು ಹತ್ತಿಸಿಕೊಂಡೆ ನೋಡಿ, ಅಂದಿನಿಂದ ಚಿತ್ರಕ್ಕೊಂದು ಫಜೀತಿ. ಈಚೆಗೆ ವಿಜಯಪುರದಲ್ಲಿ ನನ್ನ ಮೊದಲ ಪ್ರದರ್ಶನ ಆಯಿತಲ್ಲ, ಅದರ ಸುದ್ದಿ ಹೇಳು ಎಂದು ಎಲ್ಲರೂ ಕೇಳುತ್ತಾರೆ. ಕೇಳಿ ಮತ್ತೆ.

ಗ್ವಾಡಿ

ಸುಣ್ಣ, ಕೆಮ್ಮಣ್ಣು ಮೆತ್ತಿ, ಚೆಂದದ ಬಿರುಕು ಬರಿಸಿ, ಹಳೆ ಗೋಡೆಯ ಹಾಗೆ ಮಾಡಿದ ಚಿತ್ರವೊಂದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ನಿಡೋಣಿಯಿಂದ ಸೋದರಮಾವನ ಫೋನು ಬಂತು.

"ಯಾವ ಗ್ವಾಡಿ ಅದು? ಯಾರಿಗೂ ಏನೂ ಆಗಿಲ್ಲಲ್ಲ?"

"ಗ್ವಾಡಿ ಅಲ್ರಿ ಮಾವ, ಚಿತ್ರ."

"ಚಿತ್ರ ಆಮ್ಯಾಲ ಬರಿ. ಮೊದಲ ಗ್ವಾಡಿ ನೋಡು."

ಮರುದಿನ ಬೆಳಿಗ್ಗೆ ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆ ಬಾಗಿಲಲ್ಲಿ ಗೋಡೆ ಕಟ್ಟುವ ಗೌಂಡಿಯೊಬ್ಬ ಕರಣಿ ಹಿಡಿದು ನಿಂತಿದ್ದ. ಮಾವ ಕಳಿಸಿದ್ದರು. ಚಿತ್ರ ತೋರಿಸಿದೆ. ಆತ ಬೆರಳಿನಿಂದ ತಟ್ಟಿ ನೋಡಿ, "ಯಾರ ಕಡೆ ಮಾಡಿಸೀರಿ ಅಕ್ಕಾರ? ಮಾಲು ಸರಿ ಕಲಸಿಲ್ಲ" ಎಂದ.

ಕೌದಿ

ಪ್ರದರ್ಶನದ ದೊಡ್ಡ ಚಿತ್ರಕ್ಕೆ, ಹಳೆ ಬಟ್ಟೆ ತುಂಡು ಕೂಡಿಸಿ ಹೊಲಿಯುತ್ತಾರಲ್ಲ, ಅಂಥ ಒಂದು ಹರಕು ಕೌದಿ ಬೇಕಿತ್ತು. ಕಳ್ಳಕವಟಗಿಯ ಚಿಗವ್ವನ ಮನೆಗೆ ಹೋದೆ. ಚಿಗವ್ವ ಎಂದರೆ ನಮ್ಮವ್ವನ ತಂಗಿ. ಆಕೆಯ ಕಟ್ಟೆಯ ಮೇಲೆ ನನಗೆ ಬೇಕಾದಂಥದ್ದೇ ಹರಕು ಬಿದ್ದಿತ್ತು, ಮೇಲೆ ನಾಯಿ ಮಲಗಿತ್ತು.

"ಮನಿ ಮಗಳಿಗೆ ಹರಕ ಕೊಟ್ಟು ಕಳಸ್ಲೇನ? ಮಂದಿಗೆ ಮಾರಿ ಹೆಂಗ ತೋರಸ್ಲಿ?" ಎಂದು ಚಿಗವ್ವ ಸಿಟ್ಟಿಗೆದ್ದಳು. ಬ್ಯಾಡ ಬ್ಯಾಡ ಎಂದರೂ ಕೇಳದೆ, ತನಗೆಂದು ಬೇಸಿಗೆಯಿಡೀ ಕೂತು ಹೊಲಿದ ಹೊಸ ಕೌದಿಯನ್ನು ತಂದಳು. ಕೌದಿ ಹಸಿದಿರಬಾರದು ಎಂದು ಅದರ ಹೊಟ್ಟೆಯಲ್ಲಿ ಹೋಳಿಗೆ ಚೂರು ಬೇರೆ ಇಟ್ಟು ಹೊಲಿದಿದ್ದಳು. ಕುಂಕುಮ ಹಚ್ಚಿ, ಉಡಿ ತುಂಬಿ, ಕೌದಿ ಹೆಗಲಿಗೆ ಹಾಕಿ ಕಳಿಸಿದಳು.

ಪ್ರದರ್ಶನ ಹತ್ತಿರ ಬಂದಿತ್ತು. ಬೇರೆ ದಾರಿ ಕಾಣಲಿಲ್ಲ, ಕತ್ತರಿ ಹಾಕಿದೆ. ನಿಜ ಹೇಳುತ್ತೇನೆ, ಅಳು ಬಂತು. ಚಿಗವ್ವನಿಗೆ ಮಾತ್ರ ಗೊತ್ತಾಗಬಾರದು ಎಂದು ದೇವರಿಗೆ ಕೈ ಮುಗಿದೆ. ದೇವರ ಉತ್ತರ ಬರುವ ಮೊದಲೇ ಹೋಳಿಗೆಗೆ ಇರುವೆ ಬಂದವು.

ಇಲಿ

ಕಳ್ಳಕವಟಗಿಗೆ ನಾನು ಸುದ್ದಿ ಕೊಡಲಿಲ್ಲ. ಆ ಉಪಕಾರವನ್ನು ನಿಡೋಣಿ ಮಾವ ಮಾಡಿದರು. ಪ್ರದರ್ಶನದ ದಿನ ಮುಖ್ಯ ಅತಿಥಿಗಳು, ನಿವೃತ್ತ ಪ್ರಾಧ್ಯಾಪಕರು, ನನ್ನ ಚಿತ್ರದ ಎದುರು ನಿಂತು, "ಈ ಹರುಕಿನಲ್ಲಿ ನಮ್ಮ ಕಾಲದ ಗಾಯವಿದೆ" ಎನ್ನುತ್ತಿದ್ದರು. ಅಷ್ಟರಲ್ಲಿ ರೊಟ್ಟಿ ಗಂಟು ಹಿಡಿದ ಚಿಗವ್ವ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದಳು.

"ಯವ್ವಾ! ಇದು ನನ್ನ ಕೌದಿ! ಯಾರು ಹರದಾರ ಇದನ್ನ?"

ನಾನೇ ಎಂದರೆ ಚಿಗವ್ವನ ಮನೆ ಬಾಗಿಲು ಮುಚ್ಚಿದಂತೆ. ನಾನಲ್ಲ ಎಂದರೆ ಚಿತ್ರ ನನ್ನದಲ್ಲ ಎಂದಂತೆ. ಚಿಗವ್ವನ ಕಣ್ಣಲ್ಲಿ ನೀರು ಕಂಡಿತು.

"ಇಲಿ, ಚಿಗವ್ವಾ" ಎಂದುಬಿಟ್ಟೆ.

ಆಕೆಯ ಮುಖ ಅರಳಿತು. ಅತಿಥಿಗಳ ಕಡೆ ತಿರುಗಿ, "ಗಾಯ ಗೀಯ ಏನಿಲ್ರಿ ಸರ. ಇಲಿ ಕಡದಾವ" ಎಂದು ಸಮಾಧಾನ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಬೆಕ್ಕು

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಂದಿನ ಸಂತೆಯ ದಿನ ತಿಕೋಟಾ ಬಸ್ಸಿನಿಂದ ಚಿಗವ್ವನ ಗಂಡ ಇಳಿದರು. ಒಂದು ಕೈಯಲ್ಲಿ ಚಿಗವ್ವ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಇನ್ನೊಂದು ಹೊಸ ಕೌದಿ, ಇನ್ನೊಂದು ಕೈಯಲ್ಲಿ ಒದ್ದಾಡುವ ಚೀಲ. ಚೀಲ ಬಿಚ್ಚಿದರೆ ಬೆಕ್ಕು!

"ಇನ್ನ ಇಲಿ ಕಾಟ ಇರಂಗಿಲ್ಲಂತ ಹೇಳ್ಯಾಳ ನಿಮ್ಮ ಚಿಗವ್ವ" ಎಂದರು.

ನಮ್ಮ ಮನೆಯಲ್ಲಿ ಹುಡುಕಿದರೂ ಒಂದು ಇಲಿ ಇಲ್ಲ. ಕೆಲಸವಿಲ್ಲದ ಬೆಕ್ಕು ಮೊದಲು ನನ್ನ ಹಸಿ ಬಣ್ಣದಲ್ಲಿ ಓಡಾಡಿತು. ಆಮೇಲೆ ಹೊಸ ಕೌದಿಯ ಮೇಲೆ ಕೂತು ಉಗುರಿನಿಂದ ಪರಪರ ಹರಿಯಿತು. ಸಿಟ್ಟಿನಿಂದ ಓಡಿಹೋಗಿ ನೋಡಿದರೆ, ಹರಿದದ್ದು ನನಗಿಂತ ಚೆಂದ ಇತ್ತು. ಹೊಟ್ಟೆ ಉರಿಯಿತು.

ಅದೇ ಹೊತ್ತಿಗೆ ಚಿಗವ್ವನ ಫೋನು ಬಂತು.

"ಬೆಕ್ಕ ಇಲಿ ಹಿಡದೈತೇನ ಮಗಳ?"

"ಇಲ್ಲ ಚಿಗವ್ವಾ," ಎಂದೆ, "ಚಿತ್ರ ಮಾಡಾಕತ್ತೈತಿ."